300ರ ವೇಗಕ್ಕೆ ಎಷ್ಟು ಎಂಜಿನ್ ಸಾಕು? ಮಾಡಿಫೈ ಮಾಡಿದ ಕಾರಿನ ನಿಜವಾದ ಲೆಕ್ಕ

ಈ ವಾರದ ವಿಡಿಯೋದಲ್ಲಿ ಬೋರ್ಡ್ ಮೇಲೆ ಗಡಿಬಿಡಿಯಲ್ಲಿ ಗೀಚಿದ ಲೆಕ್ಕವನ್ನು ಇಲ್ಲಿ ನಿಧಾನವಾಗಿ, ಓದುವುದಕ್ಕೆ ಅನುಕೂಲವಾಗುವ ಹಾಗೆ ಬರೆದಿದ್ದೇನೆ. ಲೋಕಲ್‌ನಲ್ಲಿ ಸೀಟು ಸಿಕ್ಕಿದ್ದರೆ ಕೂತು ಓದಿ, ಸಿಗದಿದ್ದರೆ ಬಾಗಿಲಿನಿಂದ ಸ್ವಲ್ಪ ಒಳಗೆ ನಿಂತು ಓದಿ.

ವಿಷಯ ಇಷ್ಟೇ. ಐರೋಲಿ, ಮಹಾಪೆ, ಥಾಣೆ ಕಡೆ ಕೆಲಸ ಮಾಡುವ ನಮ್ಮ ಹುಡುಗರಲ್ಲಿ ಈಗ ಮೂರು ಜನ ಸೇರಿದರೆ ಒಬ್ಬ ಕಾರಿನ ರೀಮ್ಯಾಪ್ ಬಗ್ಗೆ ಮಾತಾಡುತ್ತಾನೆ. "ಸ್ಟೇಜ್ ಒನ್ ಹಾಕಿಸಿದ್ರೆ ಎಷ್ಟು ಹೋಗತ್ತೆ? ದೊಡ್ಡ ಟರ್ಬೋ ಹಾಕಿದ್ರೆ 300 ಮುಟ್ಟತ್ತಾ?" ಅಂತ. ನಾನು ಎಂಟೆಕ್ ಓದಿದ್ದು ಥರ್ಮಲ್ ಎಂಜಿನಿಯರಿಂಗ್‌ನಲ್ಲಿ, ಹೊಟ್ಟೆ ಹೊರೆಯುವುದು ಕೋಡ್ ಬರೆದು. ಹಾಗಾಗಿ ಈ ಪ್ರಶ್ನೆ ನನ್ನ ಹತ್ತಿರ ಬಂದೇ ಬರುತ್ತದೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಎಂಜಿನ್ ಶಕ್ತಿಯ ಲೆಕ್ಕ ಸುಲಭ, ದುಡ್ಡಿದ್ದರೆ ಶಕ್ತಿ ಸಿಗುತ್ತದೆ. ಆದರೆ ಅತಿ ವೇಗವನ್ನು ನಿರ್ಧರಿಸುವುದು ಗಾಳಿ, ಟೈರು, ಬ್ರೇಕು ಮತ್ತು ರಸ್ತೆ. ಎಂಜಿನ್ ಆ ಪಟ್ಟಿಯಲ್ಲಿ ಒಂದು ಸಾಲು ಮಾತ್ರ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಡೊಂಬಿವಲಿ ಬ್ರಿಡ್ಜ್ ಮತ್ತು ಘನ ನಿಯಮ

ಬೆಳಿಗ್ಗೆ ಎಂಟೂವರೆಗೆ ಡೊಂಬಿವಲಿ ಸ್ಟೇಷನ್ನಿನ ಬ್ರಿಡ್ಜ್ ಮೇಲೆ ಎದುರಿನಿಂದ ಬರುವ ಜನರನ್ನು ಸೀಳಿಕೊಂಡು ನೀವು ನಡೆಯುತ್ತಿದ್ದೀರಿ ಅಂದುಕೊಳ್ಳಿ. ನಿಧಾನಕ್ಕೆ ಹೋದರೆ ಸೆಕೆಂಡಿಗೆ ಒಬ್ಬರಿಗೆ ಭುಜ ತಾಗುತ್ತದೆ, ಅದೂ ಮೆಲ್ಲಗೆ. ಈಗ ಎರಡು ಪಟ್ಟು ವೇಗದಲ್ಲಿ ಹೋಗಿ. ಸೆಕೆಂಡಿಗೆ ಇಬ್ಬರು ಡಿಕ್ಕಿ ಹೊಡೆಯುತ್ತಾರೆ, ಪ್ರತಿ ಡಿಕ್ಕಿಯ ಪೆಟ್ಟೂ ಎರಡು ಪಟ್ಟು. ಅಂದರೆ ನಿಮ್ಮನ್ನು ಹಿಂದಕ್ಕೆ ತಳ್ಳುವ ಬಲ ನಾಲ್ಕು ಪಟ್ಟು. ಆ ನಾಲ್ಕು ಪಟ್ಟು ಬಲದ ವಿರುದ್ಧ ನೀವು ಒಂದು ಸೆಕೆಂಡಿನಲ್ಲಿ ಮೊದಲಿನ ಎರಡು ಪಟ್ಟು ದೂರ ಸಾಗುತ್ತಿದ್ದೀರಿ. ಹಾಗಾಗಿ ಬೇಕಾದ ಶಕ್ತಿ ಎಂಟು ಪಟ್ಟು.

ಜನರ ಜಾಗದಲ್ಲಿ ಗಾಳಿಯನ್ನು ಇಡಿ, ಅಷ್ಟೇ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಗೆಲ್ಲುವ ಶಕ್ತಿ ಎಂಟು ಪಟ್ಟು. ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಈ ಒಂದು ವಾಕ್ಯ ನೆನಪಿಟ್ಟುಕೊಂಡರೆ ಮಾಡಿಫಿಕೇಶನ್ ಅಂಗಡಿಯವರು ಏನೇ ಹೇಳಿದರೂ ನೀವು ಮನಸ್ಸಿನಲ್ಲೇ ತಾಳೆ ನೋಡಬಹುದು.

ಸೂತ್ರವಾಗಿ ಹೇಳುವುದಾದರೆ, ಗಾಳಿಯ ತಡೆ = ಅರ್ಧ × ಗಾಳಿಯ ಸಾಂದ್ರತೆ × ಡ್ರ್ಯಾಗ್ ಗುಣಾಂಕ × ಕಾರಿನ ಮುಂಭಾಗದ ವಿಸ್ತೀರ್ಣ × ವೇಗದ ವರ್ಗ. ಇದಕ್ಕೆ ಟೈರು ಉರುಳುವಾಗ ಆಗುವ ತಡೆಯನ್ನು ಕೂಡಿಸಿ, ಒಟ್ಟನ್ನು ವೇಗದಿಂದ ಗುಣಿಸಿದರೆ ಚಕ್ರದ ಹತ್ತಿರ ಬೇಕಾದ ಶಕ್ತಿ ಸಿಗುತ್ತದೆ. ಎಂಜಿನ್‌ನಿಂದ ಚಕ್ರಕ್ಕೆ ಬರುವಷ್ಟರಲ್ಲಿ ಗೇರ್‌ಬಾಕ್ಸ್, ಶಾಫ್ಟ್ ಎಲ್ಲಾ ಸೇರಿ ಸುಮಾರು 15 ಶೇಕಡಾ ನುಂಗುತ್ತವೆ ಅಂತ ಇಟ್ಟುಕೊಳ್ಳೋಣ.

ನಮ್ಮ ನಿಮ್ಮ ಹ್ಯಾಚ್‌ಬ್ಯಾಕ್‌ಗೆ ಲೆಕ್ಕ

ಉದಾಹರಣೆಗೆ ಒಂದು ಸಾಮಾನ್ಯ ಹ್ಯಾಚ್‌ಬ್ಯಾಕ್. ಇಬ್ಬರು ಕೂತಾಗ ತೂಕ 1100 ಕೆಜಿ. ಡ್ರ್ಯಾಗ್ ಗುಣಾಂಕವನ್ನೂ ಮುಂಭಾಗದ ವಿಸ್ತೀರ್ಣವನ್ನೂ ಗುಣಿಸಿದರೆ 0.70 ಚದರ ಮೀಟರ್. ಮುಂಬೈ ಕಡೆಯ ಸೆಖೆಯಲ್ಲಿ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.15 ಕೆಜಿ. ಸಮತಟ್ಟಾದ ರಸ್ತೆ, ಎದುರುಗಾಳಿ ಇಲ್ಲ. ಒಂದೇ ವೇಗದಲ್ಲಿ ಸಾಗುತ್ತಿರಲು ಎಂಜಿನ್ ಕೊಡಬೇಕಾದ ಶಕ್ತಿ ಹೀಗಿದೆ:

- ಗಂಟೆಗೆ 50 ಕಿ.ಮೀ.: ಸುಮಾರು 5 ಪಿಎಸ್
- 100 ಕಿ.ಮೀ.: ಸುಮಾರು 20 ಪಿಎಸ್
- 150 ಕಿ.ಮೀ.: ಸುಮಾರು 55 ಪಿಎಸ್
- 180 ಕಿ.ಮೀ.: ಸುಮಾರು 90 ಪಿಎಸ್
- 200 ಕಿ.ಮೀ.: ಸುಮಾರು 120 ಪಿಎಸ್
- 250 ಕಿ.ಮೀ.: ಸುಮಾರು 230 ಪಿಎಸ್
- 300 ಕಿ.ಮೀ.: ಸುಮಾರು 390 ಪಿಎಸ್
- 400 ಕಿ.ಮೀ.: ಸುಮಾರು 900 ಪಿಎಸ್

ಈ ಪಟ್ಟಿಯನ್ನು ಎರಡು ಸಲ ಓದಿ. ಅಟಲ್ ಸೇತುವೆಯ ಮೇಲೆ ಕಾರಿಗೆ ಇರುವ ಮಿತಿ ಗಂಟೆಗೆ 100 ಕಿ.ಮೀ. ಆ ವೇಗದಲ್ಲಿ ನಿಮ್ಮ ಕಾರು ಬಳಸುವುದು ಬರೀ 20 ಪಿಎಸ್, ಅಂದರೆ ಒಂದು ಒಳ್ಳೆ ಬೈಕಿನಷ್ಟು. ಬಾನೆಟ್ ಕೆಳಗಿನ ಉಳಿದ 70–100 ಪಿಎಸ್ ಓವರ್‌ಟೇಕ್‌ಗೆ, ಘಾಟ್ ಏರುವುದಕ್ಕೆ, ಐದು ಜನ ಕೂತು ಡಿಕ್ಕಿ ತುಂಬಾ ಸಾಮಾನು ಹೇರಿಕೊಂಡು ಊರಿಗೆ ಹೋಗುವುದಕ್ಕೆ ಇರುವ ಹೆಚ್ಚುವರಿ ಬಂಡವಾಳ.

ಈಗ ರೀಮ್ಯಾಪ್ ವಿಷಯ. ನಿಮ್ಮದು 120 ಪಿಎಸ್‌ನ ಟರ್ಬೋ ಪೆಟ್ರೋಲ್ ಅಂತ ಇಟ್ಟುಕೊಳ್ಳಿ. ರೀಮ್ಯಾಪ್ ಮಾಡಿ, ಇಂಟೇಕ್ ಎಕ್ಸಾಸ್ಟ್ ಬದಲಾಯಿಸಿ 150 ಪಿಎಸ್‌ಗೆ ತಂದಿರಿ. ಶಕ್ತಿ 25 ಶೇಕಡಾ ಏರಿತು. ಗರಿಷ್ಠ ವೇಗ? ಅದೇ ಲೆಕ್ಕದಲ್ಲಿ 199ರಿಂದ 215ಕ್ಕೆ, ಅಂದರೆ 8 ಶೇಕಡಾ. ಮಾಡಿಫಿಕೇಶನ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆ 30 ಪಿಎಸ್ ನಿಮಗೆ ಕೊಡುವುದು ವೇಗವರ್ಧನೆಯನ್ನು. 60ರಿಂದ 100ಕ್ಕೆ ಬೇಗ ಏರುತ್ತದೆ, ಅದು ಸೀಟಿನಲ್ಲಿ ಗೊತ್ತಾಗುತ್ತದೆ, ಮಜಾನೂ ಕೊಡುತ್ತದೆ. ಆದರೆ ಗರಿಷ್ಠ ವೇಗದ ಆಸೆಗೆ ರೀಮ್ಯಾಪ್ ಮಾಡಿಸುವುದು ಲೆಕ್ಕ ತಪ್ಪಿದ ವ್ಯಾಪಾರ.

ಇನ್ನೊಂದು ಸಂಗತಿ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು, ಸ್ವಲ್ಪ ಹೆಚ್ಚು ತೋರಿಸಬಹುದು ಎನ್ನುವುದು ಅಂತರರಾಷ್ಟ್ರೀಯ ನಿಯಮ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ನಿಜ ವೇಗದ 10 ಶೇಕಡಾ ಮತ್ತು ಅದರ ಮೇಲೆ 4 ಕಿ.ಮೀ. ವರೆಗೂ ಹೆಚ್ಚು ತೋರಿಸಲು ಅವಕಾಶ ಇದೆ. ಅಂದರೆ ನಿಜವಾದ 180ಕ್ಕೆ ಮುಳ್ಳು 202 ತೋರಿಸಿದರೂ ಅದು ನಿಯಮದೊಳಗೇ. ರೀಲ್ಸ್‌ನಲ್ಲಿ "ಡಬಲ್ ಸೆಂಚುರಿ" ಅಂತ ಬರುವ ಎಷ್ಟೋ ಮೀಟರ್‌ಗಳ ಗುಟ್ಟು ಇದು.

ಲೆಕ್ಕ ಸರಿಯಾ ಅಂತ ನಿಜವಾದ ಕಾರುಗಳಲ್ಲಿ ನೋಡೋಣ

ಕಾಗದದ ಮೇಲಿನ ಲೆಕ್ಕವನ್ನು ನಂಬಬೇಡಿ, ಟೆಸ್ಟ್ ಕೇಸ್ ಹಾಕಿ ನೋಡಿ. ನಮ್ಮ ಕೆಲಸವೇ ಅದು ತಾನೇ.

ಮೊದಲು ಬುಗಾಟಿ. 2005ರ ವೇರಾನ್‌ಗೆ 1001 ಪಿಎಸ್, ವೇಗ 407 ಕಿ.ಮೀ. 2010ರಲ್ಲಿ ವೇರಾನ್ ಸೂಪರ್ ಸ್ಪೋರ್ಟ್ 431 ಮುಟ್ಟಿತು. ವೇಗ ಏರಿದ್ದು ಬರೀ 6 ಶೇಕಡಾ. ಘನ ನಿಯಮ ಹಾಕಿ: 431ನ್ನು 407ರಿಂದ ಭಾಗಿಸಿ, ಬಂದದ್ದನ್ನು ಮೂರು ಸಲ ಗುಣಿಸಿ, 1001ಕ್ಕೆ ಹಚ್ಚಿ. ಬರುವುದು 1189. ಬುಗಾಟಿಯವರು ಹಾಕಿದ್ದು 1200 ಪಿಎಸ್! 24 ಕಿ.ಮೀ. ವೇಗಕ್ಕೆ 200 ಪಿಎಸ್, ಅಂದರೆ ಎರಡು ಹ್ಯಾಚ್‌ಬ್ಯಾಕ್‌ಗಳ ಎಂಜಿನ್.

2019ರಲ್ಲಿ ಷಿರಾನ್‌ನ ಒಂದು ವಿಶೇಷ ಕಾರು ಜರ್ಮನಿಯ ಏರಾ-ಲೆಸಿಯನ್ ಟ್ರ್ಯಾಕ್‌ನಲ್ಲಿ 490 ಮುಟ್ಟಿತು. ಘನ ನಿಯಮದ ಪ್ರಕಾರ ಅದಕ್ಕೆ 1750 ಪಿಎಸ್‌ಗೂ ಹೆಚ್ಚು ಬೇಕಿತ್ತು, ಇದ್ದದ್ದು 1600. ವ್ಯತ್ಯಾಸ ಎಲ್ಲಿ ಹೋಯ್ತು? ಕಾರಿನ ಹಿಂಭಾಗವನ್ನು ಉದ್ದ ಮಾಡಿ, ನೆಲಕ್ಕೆ ತಗ್ಗಿಸಿ ಗಾಳಿಯ ತಡೆಯನ್ನು ಇಳಿಸಿದ್ದರು. ಗಾಳಿಯ ತಡೆ ಇಳಿಸಿದ್ದೂ ಶಕ್ತಿ ಏರಿಸಿದಷ್ಟೇ ಬೆಲೆ ಬಾಳುತ್ತದೆ.

ಇವು ಫ್ಯಾಕ್ಟರಿ ಕಾರುಗಳು. ನಮ್ಮ ಪ್ರಶ್ನೆ ರಸ್ತೆಯ ಕಾರನ್ನು ಮಾಡಿಫೈ ಮಾಡುವುದರ ಬಗ್ಗೆ. ಅದಕ್ಕೆ ಎರಡು ಹಳೆಯ, ಗಟ್ಟಿ ಉದಾಹರಣೆಗಳಿವೆ.

1987ರಲ್ಲಿ ಜರ್ಮನಿಯ ರುಫ್ ಎನ್ನುವ ಚಿಕ್ಕ ಕಂಪನಿ ಪೋರ್ಷ 911 ಆಧಾರದ ಮೇಲೆ ಸಿಟಿಆರ್ ಎನ್ನುವ ಹಳದಿ ಕಾರು ಮಾಡಿತು. ಅದಕ್ಕೆ 'ಯೆಲ್ಲೋ ಬರ್ಡ್' ಅಂತಲೇ ಹೆಸರು ಬಿತ್ತು. ಶಕ್ತಿ 469 ಪಿಎಸ್, ವೇಗ ಸುಮಾರು 340. ನಮ್ಮ ಹ್ಯಾಚ್‌ಬ್ಯಾಕ್‌ಗೆ ಆ ವೇಗಕ್ಕೆ 560 ಪಿಎಸ್ ಬೇಕಾಗುತ್ತದೆ. ರುಫ್‌ನವರು ಸುಮಾರು 90 ಪಿಎಸ್ ಉಳಿಸಿದ್ದು ಕತ್ತರಿ ಪ್ರಯೋಗದಿಂದ: ಅಗಲವಾದ ಟರ್ಬೋ ಬಾಡಿ ಬಿಟ್ಟು ಕಿರಿದಾದ ಬಾಡಿ ಆರಿಸಿಕೊಂಡರು, ಚಾವಣಿಯ ಅಂಚಿನ ಮಳೆನೀರಿನ ಪಟ್ಟಿಯನ್ನೂ ತೆಗೆದು ನುಣುಪಾಗಿಸಿದರು.

ಮುಂದಿನ ವರ್ಷ, 1988ರ ಅಕ್ಟೋಬರ್ 26ರಂದು, ಅಮೆರಿಕದ ಓಹಾಯೋದ ಟೆಸ್ಟ್ ಟ್ರ್ಯಾಕ್‌ನಲ್ಲಿ ಕ್ಯಾಲವೇ ಕಂಪನಿ ಮಾಡಿಫೈ ಮಾಡಿದ ಒಂದು ಕಾರ್ವೆಟ್ 254.76 ಮೈಲಿ, ಅಂದರೆ ಗಂಟೆಗೆ 410 ಕಿ.ಮೀ. ಓಡಿತು. ಹೆಸರು ಸ್ಲೆಡ್ಜ್‌ಹ್ಯಾಮರ್. ಶಕ್ತಿ 898 ಎಚ್‌ಪಿ, ಪಿಎಸ್‌ನಲ್ಲಿ 910. ನಮ್ಮ ಸೂತ್ರ 410ಕ್ಕೆ ಸುಮಾರು 975 ಹೇಳುತ್ತದೆ. ಹತ್ತಿರವೇ ಇದೆ ನೋಡಿ. ಅದಕ್ಕಿಂತ ದೊಡ್ಡ ಸಂಗತಿ: ಆ ಕಾರನ್ನು ಟ್ರಕ್ ಮೇಲೆ ಹೇರಿ ತಂದಿರಲಿಲ್ಲ. ಕನೆಕ್ಟಿಕಟ್‌ನಿಂದ ಓಹಾಯೋ ತನಕ ರಸ್ತೆಯಲ್ಲೇ ಓಡಿಸಿಕೊಂಡು ಬಂದು, ದಾಖಲೆ ಮಾಡಿ, ಓಡಿಸಿಕೊಂಡೇ ವಾಪಸ್ ಹೋದರು. ಆದರೆ ಅದರ ಬಾಡಿಯನ್ನು ಪಾಲ್ ಡಾಯ್ಚ್‌ಮನ್ ಎನ್ನುವ ವಿನ್ಯಾಸಕಾರ ಗಾಳಿಗೆ ತಕ್ಕಂತೆ ಹೊಸದಾಗಿ ರೂಪಿಸಿದ್ದ. ಎಂಜಿನ್ ಒಂದನ್ನೇ ನಂಬಿ ಯಾರೂ 400 ದಾಟಿಲ್ಲ.

1900 ಎಚ್‌ಪಿ ಇದ್ದರೂ 350

ಇದಕ್ಕೆ ಉಲ್ಟಾ ಉದಾಹರಣೆ ನಮ್ಮ ಮನೆಯಂಗಳದಲ್ಲೇ ಇದೆ. ಮುಂಬೈನ ಮಹೀಂದ್ರಾ ಸಮೂಹಕ್ಕೆ ಸೇರಿದ ಆಟೊಮೊಬಿಲಿ ಪಿನಿನ್‌ಫರೀನಾ ಮಾಡಿದ ಬಟಿಸ್ಟಾ ಎಲೆಕ್ಟ್ರಿಕ್ ಕಾರಿಗೆ 1900 ಎಚ್‌ಪಿ. ವೇರಾನ್‌ನ ಹೆಚ್ಚುಕಡಿಮೆ ಎರಡು ಪಟ್ಟು. ಕಂಪನಿ ಹೇಳುವ ಗರಿಷ್ಠ ವೇಗ ಮಾತ್ರ 350 ಕಿ.ಮೀ. 2022ರಲ್ಲಿ ಆ ಕಾರನ್ನು ಮಧ್ಯಪ್ರದೇಶದ ಪೀಥಂಪುರದ ನ್ಯಾಟ್ರ್ಯಾಕ್ಸ್ ಟ್ರ್ಯಾಕ್‌ಗೆ ತಂದು ಓಡಿಸಿದಾಗಲೂ ಆಸುಪಾಸು ಅಷ್ಟೇ ಬಂತು.

ಯಾಕೆ? ಆ ಶಕ್ತಿಯನ್ನು ಅವರು ವೇಗವರ್ಧನೆಗೆ ಮೀಸಲಿಟ್ಟಿದ್ದಾರೆ: ಸೊನ್ನೆಯಿಂದ 100ಕ್ಕೆ ಎರಡು ಸೆಕೆಂಡಿಗೂ ಕಡಿಮೆ. ಅದಕ್ಕೆ ಪೆಟ್ರೋಲ್ ಕಾರಿನ ಹಾಗೆ ಏಳೆಂಟು ಗೇರು ಇಲ್ಲ. ಒಂದೇ ಅನುಪಾತದಲ್ಲಿ ಎರಡೂ ಕೆಲಸ ಪೂರ್ತಿ ಆಗುವುದಿಲ್ಲ.

ನಮ್ಮ ಹ್ಯಾಚ್‌ಬ್ಯಾಕ್‌ಗೂ ಗೇರ್ ಲೆಕ್ಕ ಅನ್ವಯಿಸುತ್ತದೆ. 185/65 ಆರ್15 ಟೈರಿನ ಸುತ್ತಳತೆ ಸುಮಾರು 1.95 ಮೀಟರ್. 200ರ ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 1700 ಸುತ್ತು ತಿರುಗುತ್ತದೆ. ಒಟ್ಟು ಗೇರ್ ಅನುಪಾತ 3.5 ಇದ್ದರೆ ಎಂಜಿನ್ ಸುಮಾರು 6000 ಆರ್‌ಪಿಎಂ. ಅದೇ ಗೇರಿನಲ್ಲಿ 300 ಬೇಕೆಂದರೆ ಸುಮಾರು 9000 ಆರ್‌ಪಿಎಂ. ಅಷ್ಟರಲ್ಲಿ ರೆವ್ ಲಿಮಿಟರ್ ಬಾಗಿಲು ಹಾಕಿರುತ್ತದೆ. ಹಾಗಾಗಿ 390 ಪಿಎಸ್ ತುಂಬಿಸಿದ ಮೇಲೂ ಗೇರ್‌ಬಾಕ್ಸ್ ಬದಲಾಯಿಸಬೇಕು. ಅಷ್ಟು ಟಾರ್ಕ್ ತಡೆಯುವ ಕ್ಲಚ್, ಡ್ರೈವ್ ಶಾಫ್ಟ್ ಕೂಡ ಬೇಕು.

ಶಾಖ ಎಲ್ಲಿಗೆ ಹೋಗಬೇಕು?

ಇದು ನನ್ನ ಇಷ್ಟದ ಭಾಗ. 390 ಪಿಎಸ್ ಅಂದರೆ 287 ಕಿಲೋವ್ಯಾಟ್. ಪೂರ್ತಿ ಥ್ರಾಟಲ್‌ನಲ್ಲಿ ಪೆಟ್ರೋಲ್ ಎಂಜಿನ್‌ನ ದಕ್ಷತೆ 28 ಶೇಕಡಾ ಅಂತ ಹಿಡಿದರೆ ಒಳಗೆ ಉರಿಯುವ ಇಂಧನದ ಶಕ್ತಿ ಸಾವಿರ ಕಿಲೋವ್ಯಾಟ್ ದಾಟುತ್ತದೆ. ಒಂದಿಷ್ಟು ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಸುಮಾರು 300 ಕಿಲೋವ್ಯಾಟ್ ಶಾಖವನ್ನು ರೇಡಿಯೇಟರ್ ಮತ್ತು ಆಯಿಲ್ ಕೂಲರ್ ಹೊರಹಾಕಬೇಕು. ನಿಮ್ಮ ಬಾತ್‌ರೂಮಿನ ಗೀಸರ್ 2 ಕಿಲೋವ್ಯಾಟ್. ಅಂಥ 150 ಗೀಸರ್ ಒಟ್ಟಿಗೆ ಹಾಕಿದಷ್ಟು ಶಾಖ, ಒಂದು ಹ್ಯಾಚ್‌ಬ್ಯಾಕ್‌ನ ಮೂತಿಯೊಳಗೆ!

ಪೆಟ್ರೋಲ್? ನಿಮಿಷಕ್ಕೆ ಸುಮಾರು 2 ಲೀಟರ್. 37 ಲೀಟರಿನ ಟ್ಯಾಂಕ್ ಇಪ್ಪತ್ತು ನಿಮಿಷದೊಳಗೆ ಖಾಲಿ. ವೇರಾನ್‌ನ 100 ಲೀಟರ್ ಟ್ಯಾಂಕ್ ಗರಿಷ್ಠ ವೇಗದಲ್ಲಿ ಸುಮಾರು 12 ನಿಮಿಷಕ್ಕೆ ಮುಗಿಯುತ್ತದೆ ಎನ್ನುವುದು ಪ್ರಸಿದ್ಧವಾದ ಮಾತು.

ಟೈರು ಮತ್ತು ಬ್ರೇಕು: ಇಲ್ಲಿ ಜೀವದ ಪ್ರಶ್ನೆ

ಈಗ ನಿಮ್ಮ ಕಾರಿನ ಟೈರಿನ ಪಕ್ಕ ಬಗ್ಗಿ ನೋಡಿ. ಅಳತೆಯ ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಎಸ್ ಇದ್ದರೆ ಗರಿಷ್ಠ 180, ಟಿ ಇದ್ದರೆ 190, ಎಚ್ ಇದ್ದರೆ 210, ವಿ ಇದ್ದರೆ 240, ಡಬ್ಲ್ಯೂ ಇದ್ದರೆ 270, ವೈ ಇದ್ದರೆ 300. ಅದೂ ಹೊಸ ಟೈರಿಗೆ, ಸರಿಯಾದ ಗಾಳಿ ಇದ್ದಾಗ. ಎರಡು ಮಳೆಗಾಲ ಕಂಡ, ಕಲ್ಯಾಣ–ಶೀಳ್ ರಸ್ತೆಯ ಗುಂಡಿಗಳಿಗೆ ಬಿದ್ದೆದ್ದ ಟೈರಿಗೆ ಆ ಅಕ್ಷರ ಗ್ಯಾರಂಟಿ ಕೊಡುವುದಿಲ್ಲ.

ಅಕ್ಷರ ಯಾಕೆ ಮುಖ್ಯ? 300ರಲ್ಲಿ ಟೈರಿನ ಹೊರಮೈ ಮೇಲಿನ ಪ್ರತಿ ಗ್ರಾಂ ರಬ್ಬರಿನ ಮೇಲೆ ಗುರುತ್ವದ 2200 ಪಟ್ಟಿಗೂ ಹೆಚ್ಚು ಬಲ ಹೊರಕ್ಕೆ ಎಳೆಯುತ್ತದೆ. ಹತ್ತು ಗ್ರಾಂ ರಬ್ಬರ್ ತುಂಡು 23 ಕೆಜಿ ತೂಗಿದ ಹಾಗೆ, ಅಂದರೆ ವಿಮಾನದ ಒಂದು ಚೆಕ್-ಇನ್ ಸೂಟ್‌ಕೇಸು. 100ರ ವೇಗದಲ್ಲಿ ಅದೇ ತುಂಡು ಎರಡೂವರೆ ಕೆಜಿ. ವೇರಾನ್ ಸೂಪರ್ ಸ್ಪೋರ್ಟ್ 431 ಓಡಿ ತೋರಿಸಿದರೂ ಗಿರಾಕಿಗಳ ಕಾರನ್ನು 415ಕ್ಕೆ ಕಟ್ಟಿಹಾಕಿದ್ದು ಟೈರಿನ ಭಯಕ್ಕೆ. 1200 ಪಿಎಸ್ ಇತ್ತು, ದುಡ್ಡಿತ್ತು. ಟೈರು ಒಪ್ಪಲಿಲ್ಲ.

ನಮ್ಮ ಕಡೆ ಇದು ಬರೀ ಥಿಯರಿ ಅಲ್ಲ. ನಾಗಪುರದಿಂದ ನಮ್ಮ ಭಿವಂಡಿ ಹತ್ತಿರದ ಆಮ್ನೆ ತನಕ 701 ಕಿ.ಮೀ. ಸಮೃದ್ಧಿ ಮಹಾಮಾರ್ಗ 2025ರ ಜೂನ್‌ನಲ್ಲಿ ಪೂರ್ತಿ ತೆರೆಯಿತು. ವಿನ್ಯಾಸದ ವೇಗ 150, ಕಾರಿಗೆ ಮಿತಿ 120. ಮೊದಲ ಹಂತ 2022ರ ಡಿಸೆಂಬರ್‌ನಲ್ಲಿ ಶುರುವಾದಾಗಿನಿಂದ ಟೈರ್ ಸ್ಫೋಟಿಸಿ ಆದ ಅಪಘಾತಗಳು ಮತ್ತೆ ಮತ್ತೆ ಸುದ್ದಿಯಾಗಿವೆ. ಗಾಳಿ ಕಡಿಮೆ ಇರುವ ಟೈರು ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ. ಬಿಸಿ ಕಾಂಕ್ರೀಟ್ ಮೇಲೆ ಎಲ್ಲೂ ನಿಲ್ಲದೆ ಗಂಟೆಗಟ್ಟಲೆ ಓಡಿದರೆ ಆ ಬಿಸಿ ಇಳಿಯುವುದಕ್ಕೆ ಅವಕಾಶವೇ ಇಲ್ಲ. ಇದು ಆಗುವುದು 120ರ ಆಸುಪಾಸಿನಲ್ಲಿ. 200ರ ಮಾತು ಬೇಡವೇ ಬೇಡ.

ಬ್ರೇಕ್‌ಗೆ ಬನ್ನಿ. ಚಾಲಕನಿಗೆ ಅಪಾಯ ಕಂಡು ಕಾಲು ಬ್ರೇಕ್ ಮೇಲೆ ಬೀಳಲು ಒಂದೂವರೆ ಸೆಕೆಂಡ್, ಒಣ ರಸ್ತೆ, ಒಳ್ಳೆ ಟೈರು ಅಂತ ಇಟ್ಟುಕೊಂಡರೆ ಪೂರ್ತಿ ನಿಲ್ಲಲು ಬೇಕಾದ ದೂರ:

- 100ರಲ್ಲಿ: ಸುಮಾರು 90 ಮೀಟರ್
- 200ರಲ್ಲಿ: ಸುಮಾರು 280 ಮೀಟರ್
- 300ರಲ್ಲಿ: ಸುಮಾರು 570 ಮೀಟರ್

12 ಡಬ್ಬಿಯ ಲೋಕಲ್ ಸುಮಾರು 250 ಮೀಟರ್ ಉದ್ದ. 200ರಲ್ಲಿ ಹೋಗುವವನಿಗೆ ಇಡೀ ಲೋಕಲ್‌ಗಿಂತ ಹೆಚ್ಚು ಜಾಗ ಬೇಕು. 300ಕ್ಕೆ ಎರಡು ಲೋಕಲ್ ಸಾಲಾಗಿ ನಿಲ್ಲಿಸಿದರೂ ಸಾಲದು. ವಾಶಿಯಿಂದ ಬೇಲಾಪುರದ ಕಡೆ ಹೋಗುವ ಪಾಮ್ ಬೀಚ್ ರಸ್ತೆ ಎಷ್ಟೇ ನೇರವಾಗಿ ಕಂಡರೂ ಅಲ್ಲಿ ಸಿಗ್ನಲ್ ಇದೆ, ತಿರುವು ಇದೆ, ಬೆಳಗಿನ ವಾಕಿಂಗ್‌ಗೆ ರಸ್ತೆ ದಾಟುವ ಅಜ್ಜ ಅಜ್ಜಿ ಇದ್ದಾರೆ. ಎರಡು ಲೋಕಲ್ ಉದ್ದದ ಖಾಲಿ ಜಾಗ ಅಲ್ಲಿ ಯಾರೂ ನಿಮಗಾಗಿ ಕಾದಿಟ್ಟಿಲ್ಲ.

300ರಿಂದ ನಿಲ್ಲುವಾಗ ಹೊರಹಾಕಬೇಕಾದ ಶಕ್ತಿ 3.8 ಮೆಗಾಜೂಲ್. ಕೊಠಡಿಯ ತಾಪದ ಹದಿಮೂರು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಅದನ್ನು ಹತ್ತು ಹನ್ನೊಂದು ಸೆಕೆಂಡಿನಲ್ಲಿ ಹೊರಹಾಕಬೇಕು, ಅಂದರೆ ಸರಾಸರಿ 360 ಕಿಲೋವ್ಯಾಟ್. ಗಾಳಿಯ ತಡೆಯೂ ಇಲ್ಲಿ ನೆರವಿಗೆ ಬರುತ್ತದೆ, ಸರಿ. ಆದರೂ ಗಮನಿಸಿ: 287 ಕಿಲೋವ್ಯಾಟ್ ಎಂಜಿನ್ ಕೊಟ್ಟ ವೇಗವನ್ನು ಇಳಿಸುವುದಕ್ಕೆ ಅದಕ್ಕಿಂತ ಹೆಚ್ಚು ಸಾಮರ್ಥ್ಯ ಬೇಕಾಯಿತು. ಎಂಜಿನ್‌ಗೆ ಲಕ್ಷಗಟ್ಟಲೆ ಸುರಿದು ಬ್ರೇಕನ್ನು ಕಂಪನಿಯದ್ದೇ ಬಿಟ್ಟ ಕಾರು ಅರ್ಧ ಪ್ರಾಜೆಕ್ಟ್ ಮಾತ್ರ. ಟೆಸ್ಟಿಂಗ್ ಮಾಡದೆ ಪ್ರೊಡಕ್ಷನ್‌ಗೆ ಬಿಟ್ಟ ಕೋಡ್ ಇದ್ದ ಹಾಗೆ.

ಕೊನೆಗೆ ಗಾಳಿಯ ಎತ್ತುವ ಬಲ. ಸಾಮಾನ್ಯ ಕಾರಿನ ಮೇಲ್ಮೈ ವಿಮಾನದ ರೆಕ್ಕೆಯ ಹಾಗೆ ಉಬ್ಬಿರುತ್ತದೆ. ಎತ್ತುವ ಗುಣಾಂಕ 0.3 ಅಂತ ಹಿಡಿದರೂ 300ರಲ್ಲಿ ಸುಮಾರು 240 ಕೆಜಿ ತೂಕ ಟೈರಿನಿಂದ ಮಾಯವಾಗುತ್ತದೆ. ನಾಲ್ಕು ಜನ ಸೇರಿ ಕಾರನ್ನು ಮೇಲಕ್ಕೆ ಎತ್ತಿ ಹಿಡಿದ ಹಾಗೆ. ಆಗ ಲೇನ್ ಬದಲಾಯಿಸಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ದೊಡ್ಡ ವಿಂಗ್ ಹಾಕಿದರೆ ಹಿಡಿತ ಬರುತ್ತದೆ, ಜೊತೆಗೆ ಗಾಳಿಯ ತಡೆಯೂ ಬರುತ್ತದೆ. ಮತ್ತೆ ಹೆಚ್ಚು ಪಿಎಸ್ ಬೇಕು. ಮತ್ತೆ ಹೆಚ್ಚು ಶಾಖ. ಬಾಲ ಹಿಡಿಯಲು ಹೋದ ನಾಯಿಯ ಹಾಗೆ ಲೆಕ್ಕ ಸುತ್ತುತ್ತಲೇ ಇರುತ್ತದೆ.

ಇಷ್ಟೆಲ್ಲ ಇದ್ದರೂ ರಸ್ತೆ ಎಲ್ಲಿದೆ?

2014ರ ಫೆಬ್ರವರಿ 14ರಂದು ಹೆನ್ನೆಸಿ ವೆನಮ್ ಜಿಟಿ ಗಂಟೆಗೆ 435 ಕಿ.ಮೀ. ಓಡಿದ್ದು ಫ್ಲಾರಿಡಾದ ಕೆನೆಡಿ ಬಾಹ್ಯಾಕಾಶ ಕೇಂದ್ರದಲ್ಲಿ, ಸ್ಪೇಸ್ ಶಟಲ್ ಇಳಿಯಲು ಕಟ್ಟಿದ ಸುಮಾರು 4.6 ಕಿ.ಮೀ. ಉದ್ದದ ರನ್‌ವೇ ಮೇಲೆ. 1244 ಎಚ್‌ಪಿ ಇದ್ದ ಕಾರಿಗೂ ಅಷ್ಟು ಉದ್ದ ಬೇಕಾಯಿತು. ಅದೂ ಒಂದೇ ದಿಕ್ಕಿನಲ್ಲಿ ಓಡಿದ್ದಕ್ಕೆ ಅಧಿಕೃತ ದಾಖಲೆಗೆ ಸೇರಲಿಲ್ಲ. ಗಾಳಿ ಹಿಂದಿನಿಂದ ತಳ್ಳಿರಬಹುದಲ್ಲ, ಅದಕ್ಕೇ ಎರಡೂ ದಿಕ್ಕಿನ ಸರಾಸರಿ ತೆಗೆಯುವ ಪದ್ಧತಿ.

ವಿಡಿಯೋ ನೋಡಿ ಮರುಳಾಗುವ ಮೊದಲು 2020ರ ಕಥೆ ನೆನಪಿಡಿ. ಅಮೆರಿಕದ ಎಸ್‌ಎಸ್‌ಸಿ ಕಂಪನಿ ತನ್ನ ಟುವಟಾರಾ ಕಾರು ಸರಾಸರಿ 508 ಕಿ.ಮೀ. ಓಡಿತು ಅಂತ ಘೋಷಿಸಿತು. ಯೂಟ್ಯೂಬ್‌ನ ಕೆಲವರು ಕೂತು ವಿಡಿಯೋದಲ್ಲಿ ಕಾಣುವ ಎರಡು ಗುರುತುಗಳ ನಡುವಿನ ದೂರವನ್ನು ಮ್ಯಾಪ್‌ನಲ್ಲಿ ಅಳೆದರು, ಸಮಯದಿಂದ ಭಾಗಿಸಿದರು. ವೇಗ ತಾಳೆಯಾಗಲಿಲ್ಲ. 2021ರಲ್ಲಿ ಕಂಪನಿಯೇ ಆ ವೇಗ ಮುಟ್ಟಿರಲಿಲ್ಲ ಅಂತ ಒಪ್ಪಿಕೊಂಡಿತು. ಏಳನೇ ಕ್ಲಾಸಿನ ಭಾಗಾಕಾರ ಸಾಕಾಯಿತು.

ನಮ್ಮ ದೇಶದಲ್ಲಿ ಇಂಥ ವೇಗಕ್ಕೆಂದೇ ಕಟ್ಟಿದ ಜಾಗ ನಾನಾಗಲೇ ಹೇಳಿದ ನ್ಯಾಟ್ರ್ಯಾಕ್ಸ್. 2021ರ ಜೂನ್‌ನಲ್ಲಿ ಉದ್ಘಾಟನೆಯಾದ 11.3 ಕಿ.ಮೀ. ಉದ್ದದ ಓವಲ್ ಟ್ರ್ಯಾಕ್. ತಿರುವುಗಳನ್ನು ಎಷ್ಟು ಓರೆ ಮಾಡಿದ್ದಾರೆ ಅಂದರೆ 250ರ ವೇಗದಲ್ಲಿ ಸ್ಟೀರಿಂಗ್ ತಿರುಗಿಸದೆಯೂ ಕಾರು ತಿರುಗುತ್ತದೆ. ನಮಗೆ ನಿಲುಕುವ ಮಟ್ಟಕ್ಕೆ ಬಂದರೆ, ಲೋಣಾವಳ ಹತ್ತಿರದ ಆಂಬಿ ವ್ಯಾಲಿ ಏರ್‌ಸ್ಟ್ರಿಪ್‌ನಲ್ಲಿ, ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನಲ್ಲಿ ಡ್ರ್ಯಾಗ್ ಸ್ಪರ್ಧೆಗಳು ನಡೆದಿವೆ. ಕೊಯಮತ್ತೂರಿನಲ್ಲಿ ಕರಿ ಮೋಟರ್ ಸ್ಪೀಡ್‌ವೇ ಇದೆ, ಚೆನ್ನೈ ಹತ್ತಿರ ಇರುಂಗಾಟುಕೋಟೈ ಟ್ರ್ಯಾಕ್ ಇದೆ. ಅಲ್ಲಿ ಹೆಲ್ಮೆಟ್ ಇದೆ, ಆಂಬುಲೆನ್ಸ್ ಇದೆ, ಎದುರಿನಿಂದ ಟೆಂಪೋ ಬರುವುದಿಲ್ಲ.

ಕಾನೂನನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಣೆಗೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ಸೇರಿತು. ಇದಕ್ಕಿಂತ ನೋವಾಗುವುದು ಇನ್ಶೂರೆನ್ಸ್‌ನಲ್ಲಿ: ತಿಳಿಸದೆ ಮಾಡಿದ ಮಾಡಿಫಿಕೇಶನ್ ಇದ್ದರೆ ಕ್ಲೇಮ್ ನಿರಾಕರಿಸಲು ಅವರಿಗೆ ಅದೊಂದೇ ಕಾರಣ ಸಾಕು. ಅಪಘಾತದಲ್ಲಿ ಇನ್ನೊಬ್ಬರ ಮನೆ ಹಾಳಾದರೆ ನಿಮ್ಮ ಹೋಮ್ ಲೋನ್ ಜೊತೆಗೆ ಆ ಹೊರೆಯೂ ಸೇರಬಹುದು.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು?

ನಮ್ಮಲ್ಲಿ ಹೆಚ್ಚಿನವರಿಗೆ ವೇಗ ಬೇಕಾಗುವುದು ವರ್ಷಕ್ಕೆ ಎರಡು ಮೂರು ಸಲ, ಗಣೇಶ ಹಬ್ಬಕ್ಕೋ ದೀಪಾವಳಿಗೋ ಊರಿಗೆ ಹೊರಟಾಗ. ಕಳಂಬೋಲಿಯಲ್ಲಿ ಎಕ್ಸ್‌ಪ್ರೆಸ್‌ವೇ ಹತ್ತಿದರೆ ಪುಣೆ ತನಕ 94.5 ಕಿ.ಮೀ. ಘಾಟ್‌ನ ಮಿತಿ, ಟೋಲ್, ಟ್ರಾಫಿಕ್ ಯಾವುದೂ ಇಲ್ಲ ಅಂತಲೇ ಇಟ್ಟುಕೊಳ್ಳಿ. 100ರಲ್ಲಿ ಹೋದರೆ 57 ನಿಮಿಷ, 140ರಲ್ಲಿ ಹೋದರೆ ಸುಮಾರು 40 ನಿಮಿಷ. ಉಳಿದದ್ದು 16–17 ನಿಮಿಷ. ಅದಕ್ಕಾಗಿ ಪ್ರತಿ ಕಿಲೋಮೀಟರಿಗೆ ಚಕ್ರಕ್ಕೆ ಬೇಕಾಗುವ ಶಕ್ತಿ ಸುಮಾರು 68 ಶೇಕಡಾ ಹೆಚ್ಚು. ಖಾಲಾಪುರ ಫುಡ್ ಮಾಲ್‌ನಲ್ಲಿ ವಡಾಪಾವ್ ಕ್ಯೂನಲ್ಲಿ ನಿಂತರೆ ಆ ಉಳಿತಾಯ ಮುಗಿಯಿತು. ಕ್ಯಾಮೆರಾ ಕಳಿಸುವ ಚಲನ್ ಬೇರೆ.

ಹಾಗಾಗಿ ನನ್ನ ಸಲಹೆ ಕ್ರಮವಾಗಿ ಹೀಗಿದೆ. ಮೊದಲು ಟೈರು: ಒಳ್ಳೆ ಕಂಪನಿಯ, ಸರಿಯಾದ ವೇಗದ ಅಕ್ಷರದ ಟೈರು ಹಾಕಿಸಿ, ಊರಿಗೆ ಹೊರಡುವ ಬೆಳಿಗ್ಗೆ ತಣ್ಣಗಿರುವಾಗಲೇ ಗಾಳಿ ಪರೀಕ್ಷಿಸಿ. ಆಮೇಲೆ ಬ್ರೇಕು: ಪ್ಯಾಡ್, ಡಿಸ್ಕ್, ಹಳೆಯದಾದ ಬ್ರೇಕ್ ಆಯಿಲ್. ಆಮೇಲೆ ಚಾಲಕ: ಒಂದು ದಿನ ಟ್ರ್ಯಾಕ್‌ನಲ್ಲಿ ಗುರುಗಳ ಹತ್ತಿರ ಕಲಿತರೆ 30 ಪಿಎಸ್‌ಗಿಂತ ಹೆಚ್ಚು ಉಪಯೋಗ. ಇಷ್ಟೆಲ್ಲ ಆದ ಮೇಲೂ ಆಸೆ ಉಳಿದಿದ್ದರೆ, ಟ್ರ್ಯಾಕ್‌ಗೆಂದೇ ಒಂದು ಹಳೆ ಕಾರು ತಗೊಂಡು ಎಂಜಿನ್ ಮುಟ್ಟಿ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರನ್ನು ಅದರ ಪಾಡಿಗೆ ಬಿಟ್ಟುಬಿಡಿ.

ಯಾರಾದರೂ "ಈ ಕಾರಿಗೆ ಇಷ್ಟು ಪಿಎಸ್ ಹಾಕಿದರೆ 300 ಹೋಗತ್ತೆ" ಅಂದರೆ ಮೂರು ಪ್ರಶ್ನೆ ಕೇಳಿ: ಟೈರಿನ ಮೇಲಿನ ಅಕ್ಷರ ಯಾವುದು? 300ರಿಂದ ಎಷ್ಟು ದೂರದಲ್ಲಿ ನಿಲ್ಲುತ್ತದೆ? ಓಡಿಸುವ ಜಾಗ ಎಲ್ಲಿದೆ? ಮೂರಕ್ಕೂ ಉತ್ತರ ಬಂದರೆ ಪಿಎಸ್ ಎಷ್ಟು ಅಂತ ಮಾತು ಮುಂದುವರಿಸಿ.

ನಿಮ್ಮ ಕಾರಿನ ತೂಕ, ಪಿಎಸ್ ಹಾಕಿ ನೀವೇ ಈ ಲೆಕ್ಕ ಮಾಡಿ ನೋಡಿ. ಎಕ್ಸೆಲ್‌ನಲ್ಲಿ ಹತ್ತು ನಿಮಿಷದ ಕೆಲಸ. ಮುಂದಿನ ವಿಡಿಯೋದಲ್ಲಿ ಎಲೆಕ್ಟ್ರಿಕ್ ಕಾರಿನ ರೇಂಜ್ ಹೆದ್ದಾರಿಯಲ್ಲಿ ಯಾಕೆ ಅಷ್ಟು ಕುಸಿಯುತ್ತದೆ ಅಂತ ನೋಡೋಣ. ಅಲ್ಲೂ ಖಳನಾಯಕ ಇದೇ ಗಾಳಿ. ಅಲ್ಲಿಯವರೆಗೆ ನಿಧಾನವಾಗಿ ಹೋಗಿ, ಆರಾಮಾಗಿ ಮನೆ ಮುಟ್ಟಿ.